ಮನೆವಾರ್ತೆ: ಮಕ್ಕಳ ತಲೆಗೂದಲಿಗೆ ಅಂಟು, ಜಿಡ್ಡು ತಗುಲಿದಾಗ

ಮಕ್ಕಳಿರುವ ಮನೆಯಲ್ಲಿ ಒಂದಿಲ್ಲೊಂದು ದಿನ ಈ ಪ್ರಸಂಗ ಒದಗದೆ ಇರದು. ಬೇಸಿಗೆಯ ರಜೆಯಲ್ಲಿ ಹಲಸಿನ ಹಣ್ಣಿನ ಸುತ್ತ ಕುಳಿತ ಮಕ್ಕಳಲ್ಲಿ ಒಬ್ಬಳ ಜಡೆಗೆ ಮೇಣ ಮೆತ್ತಿರುತ್ತದೆ. ಬಾಯಲ್ಲಿ ಬಬಲ್ ಗಮ್ ಇಟ್ಟುಕೊಂಡೇ ನಿದ್ದೆಹೋದ ಹುಡುಗನ ಕಿವಿಯ ಮೇಲಿನ ಕೂದಲು ಬೆಳಗಾಗುವಷ್ಟರಲ್ಲಿ ಗಂಟುಕಟ್ಟಿರುತ್ತದೆ. ಅಂಗಳದಲ್ಲಿ ನಿಂತ ಬಂಡಿಯ ಕೆಳಗೆ ನುಸುಳಿದ ಮಗು ನೆತ್ತಿಯ ತುಂಬ ಕೀಲೆಣ್ಣೆ ಬಳಿದುಕೊಂಡು ಬರುತ್ತದೆ. ಕನ್ನಡಿಯ ಮುಂದೆ ತಾನೇ ಸಿಂಗರಿಸಿಕೊಳ್ಳಹೊರಟ ಮೂರು ವರ್ಷದ ಕೂಸು ವ್ಯಾಸಲೀನಿನ ಡಬ್ಬಿಯನ್ನೇ ಬರಿದು ಮಾಡಿರುತ್ತದೆ.

ಇಂತಹ ಹೊತ್ತಿನಲ್ಲಿ ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ನಡೆಯುವುದು ಮೂರು ಕೆಲಸ. ಮೊದಲು ಮಗುವಿಗೆ ಬೈಗುಳ, ಇಲ್ಲವೇ ಬೆನ್ನಿಗೊಂದು ಪೆಟ್ಟು. ಆಮೇಲೆ ತಂಬಿಗೆಯ ಮೇಲೆ ತಂಬಿಗೆ ನೀರು ಸುರಿದು ಸೋಪು ತಿಕ್ಕುವುದು. ಅದಕ್ಕೂ ಬಗ್ಗದಿದ್ದರೆ ಸೀಮೆ ಎಣ್ಣೆ ಅಥವಾ ಕತ್ತರಿ. ಈ ಪೈಕಿ ಮೊದಲನೆಯದರಿಂದ ಅಂಟು ಬಿಡುವುದಿಲ್ಲ. ಎರಡನೆಯದು ಹೊತ್ತಿಗೆ ಮುಂಚೆ ಮಾಡಿದ ಕೆಲಸವಾಗಿ ತೊಂದರೆಯನ್ನು ಹೆಚ್ಚಿಸುತ್ತದೆ. ಮೂರನೆಯದರಲ್ಲಿ ಕತ್ತರಿ ಮಗುವಿನ ಮನಸ್ಸನ್ನು ನೋಯಿಸಿದರೆ, ಸೀಮೆ ಎಣ್ಣೆ ಅದರ ಪ್ರಾಣಕ್ಕೇ ಎರವಾಗಬಲ್ಲುದು. ಆದುದರಿಂದ ವಿಷಯವು ನೋಡಲು ಚಿಕ್ಕದಾದರೂ ಈ ತಿಂಗಳ ಪುಟವನ್ನು ಅದಕ್ಕೇ ಮೀಸಲಿಡುವುದು ಯುಕ್ತವೆಂದು ನಾವು ಭಾವಿಸಿದ್ದೇವೆ.

ನೀರಿಗೆ ಕರಗುವುದೋ, ಎಣ್ಣೆಗೆ ಕರಗುವುದೋ?

ಕೂದಲಿಗೆ ತಗುಲಿದ ವಸ್ತು ಯಾವುದೆಂದು ಮೊದಲು ಗುರುತಿಸಬೇಕು. ಅಂಟುವ ಪದಾರ್ಥಗಳೆಲ್ಲ ಒಂದೇ ಜಾತಿಯವಲ್ಲ. ಬೆಲ್ಲದ ಪಾಕ, ಜೇನುತುಪ್ಪ, ಮಿಠಾಯಿ, ಗಂಜಿ, ಶಾಲೆಯ ಬಿಳಿಯ ಗೋಂದು ಇವೆಲ್ಲ ನೀರಿಗೆ ಸೋಲುವಂಥವು. ಆಲೆಮನೆಗೆ ಹೋದ ಮಗು ಬಿಸಿ ಆರಿದ ಪಾಕವನ್ನು ತಲೆಗೆ ಒರೆಸಿಕೊಂಡು ಬಂದರೆ ಚಿಂತಿಸುವ ಕಾರಣವಿಲ್ಲ. ಉಗುರು ಬೆಚ್ಚಗಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಆ ಭಾಗಕ್ಕೆ ಹತ್ತು ನಿಮಿಷ ಸುತ್ತಿಟ್ಟರೆ ಸಕ್ಕರೆಯು ತಾನಾಗಿ ಕರಗಿ ಇಳಿಯುತ್ತದೆ. ಇಲ್ಲಿ ಎಣ್ಣೆ ಹಚ್ಚುವುದೇ ತಪ್ಪು. ಎಣ್ಣೆಯ ಪದರವು ನೀರನ್ನು ಸಕ್ಕರೆಯ ಬಳಿಗೆ ಹೋಗಗೊಡುವುದಿಲ್ಲ.

ಹಲಸಿನ ಮೇಣ, ಬಬಲ್ ಗಮ್, ವ್ಯಾಸಲೀನ್, ಬಂಡಿ ಮತ್ತು ಯಂತ್ರಗಳ ಜಿಡ್ಡು, ಡಾಂಬರು, ಮೇಣದಬತ್ತಿಯ ಮೇಣ, ಎಣ್ಣೆಬಣ್ಣ ಇವು ಇನ್ನೊಂದು ಗುಂಪಿನವು. ನೀರು ಇವುಗಳನ್ನು ಮುಟ್ಟದು. ಇವುಗಳನ್ನು ಸಡಿಲಿಸುವುದು ಎಣ್ಣೆ ಮಾತ್ರ. ನಮ್ಮ ಅಜ್ಜಿಯರು ಹಲಸು ಹೆಚ್ಚುವ ಮುನ್ನ ಕೈಗೂ ಈಳಿಗೆ ಮಣೆಗೂ ಎಣ್ಣೆ ಸವರಿಕೊಳ್ಳುತ್ತಿದ್ದುದರ ಮರ್ಮ ಇದೇ. ಜಿಡ್ಡನ್ನು ಜಿಡ್ಡಿನಿಂದಲೇ ಸಡಿಲಿಸಬೇಕು, ಆ ಬಳಿಕ ಸಡಿಲಿಸಿದ ಎಣ್ಣೆಯನ್ನು ಸೋಪು ಅಥವಾ ಸೀಗೆಯಿಂದ ತೆಗೆಯಬೇಕು, ಕಟ್ಟಕಡೆಗೆ ನೀರು ಹಾಕಬೇಕು. ಈ ಕ್ರಮವನ್ನು ತಲೆಕೆಳಗು ಮಾಡಿ ನೀರಿನಿಂದ ಆರಂಭಿಸುವುದರಿಂದಲೇ ನಮ್ಮ ಶ್ರಮವೆಲ್ಲ ವ್ಯರ್ಥವಾಗುವುದು.

ಕೂದಲಿನ ಸ್ವಭಾವ

ಕೂದಲು ಕೆರಟಿನ್ ಎಂಬ ಸಸಾರಜನಕದಿಂದಾದುದು. ಉಗುರೂ ಅದರಿಂದಲೇ ಆಗಿದೆ. ಕೂದಲಿನ ಹೊರಮೈಯ ಮೇಲೆ ಮನೆಯ ಮಾಡಿಗೆ ಹೊದಿಸಿದ ಹಂಚಿನಂತೆ ಸಣ್ಣ ಸಣ್ಣ ಹೊಪ್ಪಳೆಗಳು ಒಂದರ ಮೇಲೊಂದು ಜೋಡಣೆಗೊಂಡಿರುತ್ತವೆ. ಅವುಗಳ ಮುಖ ತುದಿಯ ಕಡೆಗೆ. ಹೀಗಾಗಿ ಬೇರಿನಿಂದ ತುದಿಗೆ ಸವರಿದರೆ ಕೂದಲು ನುಣುಪು, ತುದಿಯಿಂದ ಬೇರಿಗೆ ಉಜ್ಜಿದರೆ ಒರಟು. ಅಂಟನ್ನು ಬಿಡಿಸುವಾಗ ಅದನ್ನು ಯಾವಾಗಲೂ ತುದಿಯ ಕಡೆಗೇ ಜಾರಿಸಬೇಕು. ಎರಡೂ ಅಂಗೈಗಳ ನಡುವೆ ಕೂದಲನ್ನಿಟ್ಟು ಬಟ್ಟೆ ಒಗೆದಂತೆ ತಿಕ್ಕಿದರೆ ಹಂಚುಗಳು ಮೇಲೆದ್ದು ಒಂದಕ್ಕೊಂದು ಸಿಕ್ಕಿಕೊಂಡು ಬಿಡಿಸಲಾಗದ ಗಂಟಾಗುತ್ತದೆ.

ಇನ್ನೊಂದು ಮಾತು. ಒದ್ದೆಯ ಕೂದಲು ಒಣಗಿದ ಕೂದಲಿಗಿಂತ ಹೆಚ್ಚು ಹಿಗ್ಗುತ್ತದೆ, ಬೇಗ ತುಂಡಾಗುತ್ತದೆ. ಬಟ್ಟೆಸೋಡಾ, ಬಟ್ಟೆ ಒಗೆಯುವ ಪುಡಿ ಮುಂತಾದ ಪ್ರಬಲ ಕ್ಷಾರಗಳು ಆ ಹಂಚುಗಳನ್ನು ಉಬ್ಬಿಸಿ ಕೂದಲನ್ನು ಬಡವಾಗಿಸುತ್ತವೆ. ಮಕ್ಕಳ ನೆತ್ತಿಯ ಚರ್ಮವಂತೂ ಬಹಳ ಎಳೆಯದು. ಆದುದರಿಂದ ಬಟ್ಟೆಗೆ ಹಾಕುವುದನ್ನು ತಲೆಗೆ ಹಾಕಬಾರದು.

ಹಲಸಿನ ಮೇಣ ಮತ್ತು ಬಬಲ್ ಗಮ್

ತೂಬಗೆರೆ, ಚೇಳೂರುಗಳ ಹಲಸು ಪೇಟೆಗೆ ಬರುವ ದಿನಗಳಲ್ಲಿ ಮೇಣದ ಕಾಟ ಇದ್ದದ್ದೇ. ಹಲಸಿನ ಮೇಣವು ಗಿಡದ ಹಾಲು. ಗಾಳಿಗೆ ಒಡ್ಡಿದಷ್ಟೂ ಅದು ಬಿಗಿಯುತ್ತದೆ. ಆದುದರಿಂದ ಹಣ್ಣು ತಿಂದು ಮುಗಿಯಲೆಂದು ಕಾಯದೆ, ಕಂಡೊಡನೆ ಎಣ್ಣೆ ಹಚ್ಚಬೇಕು.

ಬಬಲ್ ಗಮ್ಮಿಗೂ ಹಲಸಿನ ಮೇಣಕ್ಕೂ ಒಂದು ದೂರದ ನಂಟಿದೆ. ಹಿಂದಿನ ಕಾಲದಲ್ಲಿ ಅಗಿಯುವ ಗಮ್ಮನ್ನು ಮೆಕ್ಸಿಕೊ ಮತ್ತು ಮಧ್ಯ ಅಮೆರಿಕದ ಕಾಡುಗಳಲ್ಲಿ ಸಪೋಟ ಮರವನ್ನು ಗೀರಿ ಇಳಿಸಿದ ಹಾಲಿನಿಂದ ಮಾಡುತ್ತಿದ್ದರು. ನಾವು ಚಿಕ್ಕು ಎಂದು ತಿನ್ನುವ ಹಣ್ಣು ಆ ಮರದ್ದೇ. ಈಗಿನ ಗಮ್ಮುಗಳಲ್ಲಿ ಬಹುಪಾಲು ಅದರ ಬದಲಿಗೆ ಕೃತಕ ರಬ್ಬರಿನ ಜಾತಿಯ ಪದಾರ್ಥವನ್ನು ಬಳಸುತ್ತಾರೆ. ಎಷ್ಟು ಹೊತ್ತು ಅಗಿದರೂ ಎಂಜಲಿಗೆ ಕರಗದ ವಸ್ತು ತಲೆಯ ಮೇಲೆ ಸುರಿದ ನೀರಿಗೆ ಕರಗೀತೆಂದು ನಿರೀಕ್ಷಿಸುವುದು ಹೇಗೆ?

ಇವೆರಡಕ್ಕೂ ಉಪಾಯ ಒಂದೇ. ಮೊದಲು ಮಗುವನ್ನು ಬೆಳಕಿರುವ ಕಡೆ, ಗೋಡೆಗೆ ಒರಗುವಂತೆ ಕೂರಿಸಿ, ಕೈಗೊಂದು ಆಟದ ಸಾಮಾನು ಕೊಡಬೇಕು. ಅಂಟು ಮೆತ್ತಿದ ಎಳೆಗಳನ್ನು ಮಾತ್ರ ಬೇರ್ಪಡಿಸಿ, ಉಳಿದ ಕೂದಲನ್ನು ರಿಬ್ಬನ್ನಿನಿಂದ ಹಿಂದಕ್ಕೆ ಕಟ್ಟಬೇಕು. ಈ ಒಂದು ಎಚ್ಚರವನ್ನು ಮರೆತುದರಿಂದಲೇ ಬೆಟ್ಟಿನಗಲದ ಅಂಟು ಅಂಗೈಯಗಲವಾಗುವುದು. ಅನಂತರ ಕೊಬ್ಬರಿ ಎಣ್ಣೆಯನ್ನು ಅಂಟಿನ ಮೇಲೂ ಅದರ ಸುತ್ತಲೂ ಧಾರಾಳವಾಗಿ ಹಚ್ಚಿ ಹತ್ತು ನಿಮಿಷ ಬಿಡಬೇಕು. ಚಳಿಗಾಲದಲ್ಲಿ ಕೊಬ್ಬರಿ ಎಣ್ಣೆಯು 24 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಹೆಪ್ಪುಗಟ್ಟುವುದರಿಂದ ಸೀಸೆಯನ್ನು ಬಿಸಿನೀರಿನಲ್ಲಿ ನಿಲ್ಲಿಸಿ ಕರಗಿಸಿಕೊಳ್ಳಬಹುದು. ಕೊಬ್ಬರಿ ಎಣ್ಣೆಯೇ ಆಗಬೇಕೆಂಬ ನಿಯಮವಿಲ್ಲ. ಉತ್ತರ ಕರ್ನಾಟಕದ ಮನೆಗಳಲ್ಲಿ ಕೈಗೆ ಸಿಗುವ ಶೇಂಗಾ ಎಣ್ಣೆ, ಕುಸುಬೆ ಎಣ್ಣೆ, ಕಡೆಗೆ ಬೆಣ್ಣೆಯೂ ಆದೀತು.

ಹತ್ತು ನಿಮಿಷದ ತರುವಾಯ ಅಂಟಿನ ಮೇಲ್ಭಾಗದಲ್ಲಿ, ಅಂದರೆ ನೆತ್ತಿಯ ಕಡೆ, ಕೂದಲನ್ನು ಎಡಗೈ ಬೆರಳುಗಳಲ್ಲಿ ಬಿಗಿಯಾಗಿ ಹಿಡಿಯಬೇಕು. ಹಾಗೆ ಹಿಡಿದರೆ ಎಳೆತದ ನೋವು ಮಗುವಿಗೆ ತಟ್ಟುವುದಿಲ್ಲ. ಬಲಗೈಯ ಹೆಬ್ಬೆರಳು ತೋರುಬೆರಳುಗಳಿಂದ ಅಂಟನ್ನು ಸ್ವಲ್ಪ ಸ್ವಲ್ಪವಾಗಿ ತುದಿಯ ಕಡೆಗೆ ಜಾರಿಸುತ್ತ, ಬಂದುದನ್ನು ಹಳೆಯ ಬಟ್ಟೆಗೆ ಒರೆಸುತ್ತ ಹೋಗಬೇಕು. ಸಾಲದಿದ್ದರೆ ಮತ್ತೆ ಎಣ್ಣೆ. ಕೊನೆಯಲ್ಲಿ ಅಗಲ ಹಲ್ಲಿನ ಹಣಿಗೆಯಿಂದ ತುದಿಯಲ್ಲಿ ಆರಂಭಿಸಿ ಹಂತಹಂತವಾಗಿ ಮೇಲಕ್ಕೆ ಹೋಗುತ್ತ ಬಾಚಬೇಕು. ಹೇನಿನ ಹಣಿಗೆಯನ್ನು ಈ ಕೆಲಸಕ್ಕೆ ಬಳಸತಕ್ಕದ್ದಲ್ಲ.

ಫ್ರಿಜ್ ಇರುವ ಮನೆಯಲ್ಲಿ ಗಮ್ಮಿಗೆ ಮತ್ತೊಂದು ಉಪಾಯವುಂಟು. ಮಂಜುಗಡ್ಡೆಯ ತುಂಡನ್ನು ಪ್ಲಾಸ್ಟಿಕ್ ಚೀಲದಲ್ಲಿಟ್ಟು ಗಮ್ಮಿಗೆ ಒತ್ತಿ ಹಿಡಿದರೆ ಅದು ಗಟ್ಟಿಯಾಗಿ ಪುಡಿಪುಡಿಯಾಗಿ ಉದುರುತ್ತದೆ. ಕೂದಲಿನ ತುದಿಯಲ್ಲಿ ಗಮ್ ಇದ್ದರೆ ಮಾತ್ರ ಇದು ಸರಿ. ನೆತ್ತಿಗೆ ತಾಗಿಕೊಂಡಿದ್ದರೆ ಎಳೆಯ ಚರ್ಮಕ್ಕೆ ಮಂಜುಗಡ್ಡೆಯನ್ನು ಒತ್ತಿ ಹಿಡಿಯುವುದು ಸಲ್ಲದು, ಎಣ್ಣೆಯೇ ಲೇಸು.

ವ್ಯಾಸಲೀನ್, ಗ್ರೀಸು ಮತ್ತು ಹರಳೆಣ್ಣೆ

ತಾಯಂದಿರನ್ನು ಹೆಚ್ಚು ಕಂಗೆಡಿಸುವುದು ವ್ಯಾಸಲೀನ್. ಮೂರು ಸಲ ತಲೆ ಎರೆದರೂ ಕೂದಲು ಎಣ್ಣೆಯಲ್ಲಿ ಅದ್ದಿದಂತೆಯೇ ಇರುತ್ತದೆ. ಇದರ ಹುಟ್ಟನ್ನು ತಿಳಿದರೆ ಕಾರಣ ಹೊಳೆಯುತ್ತದೆ. ಅಮೆರಿಕದ ಪೆನ್ಸಿಲ್ವೇನಿಯದಲ್ಲಿ ಕಲ್ಲೆಣ್ಣೆಯ ಬಾವಿಗಳನ್ನು ತೋಡುತ್ತಿದ್ದಾಗ ಯಂತ್ರದ ಸಲಾಕೆಗಳಿಗೆ ಮೆತ್ತಿಕೊಳ್ಳುತ್ತಿದ್ದ ಮೇಣದಂತಹ ಜಿಡ್ಡನ್ನು ಶೋಧಿಸಿ ರಾಬರ್ಟ್ ಚೀಸ್‌ಬ್ರೋ ಎಂಬಾತ ಇದನ್ನು ತಯಾರಿಸಿದನು. 1872ರಲ್ಲಿ ಅದಕ್ಕೆ ಪೇಟೆಂಟ್ ಪಡೆದನು. ಹೀಗೆ ವ್ಯಾಸಲೀನ್, ಗ್ಯಾರೇಜಿನ ಗ್ರೀಸು, ರಸ್ತೆಯ ಡಾಂಬರು ಮೂರೂ ಕಲ್ಲೆಣ್ಣೆಯ ಮನೆತನಕ್ಕೇ ಸೇರಿದವು. ನೀರನ್ನು ದೂರವಿಡುವುದೇ ಅವುಗಳ ಗುಣ.

ಮೊದಲು ಒಣ ಹತ್ತಿಬಟ್ಟೆಯಿಂದ ಕೂದಲನ್ನು ಒತ್ತಿ ಒತ್ತಿ ಹೆಚ್ಚಿನ ಜಿಡ್ಡನ್ನು ತೆಗೆಯಬೇಕು. ತರುವಾಯ ಕಡಲೆಹಿಟ್ಟನ್ನಾಗಲಿ ಮೆಕ್ಕೆಜೋಳದ ನುಣುಪು ಹಿಟ್ಟನ್ನಾಗಲಿ ಬೆರಳಿನಲ್ಲಿ ತೆಗೆದುಕೊಂಡು ಕೂದಲಿಗೆ ಸವರಿ, ಕಾಲು ಗಂಟೆ ಬಿಟ್ಟು, ಬಾಚಿ ಕೆಡವಬೇಕು. ಹಿಟ್ಟು ಜಿಡ್ಡನ್ನು ಹೀರಿಕೊಂಡು ಬರುತ್ತದೆ. ಹಿಟ್ಟನ್ನು ಮೇಲಿನಿಂದ ಉದುರಿಸಬಾರದು. ಮಗುವಿನ ಉಸಿರಿಗೆ ಹೋದೀತು. ಮೈಗೆ ಹಾಕುವ ಟಾಲ್ಕಂ ಪುಡಿಯನ್ನಂತೂ ಬಳಸಲೇಬಾರದು.

ಮುಂದಿನ ಹೆಜ್ಜೆಯೇ ಮುಖ್ಯ. ಶಾಂಪೂವನ್ನು ಒಣ ಕೂದಲಿಗೇ ಹಚ್ಚಬೇಕು, ಒಂದು ಹನಿ ನೀರೂ ಸೋಕಿರಬಾರದು. ಸೋಪಿನ ಪ್ರತಿಯೊಂದು ಕಣಕ್ಕೂ ಎರಡು ತುದಿಗಳು. ಒಂದು ಎಣ್ಣೆಯನ್ನು ಹಿಡಿದುಕೊಂಡರೆ ಇನ್ನೊಂದು ನೀರನ್ನು ಹಿಡಿದುಕೊಳ್ಳುತ್ತದೆ. ಕೂದಲು ಮೊದಲೇ ಒದ್ದೆಯಾಗಿದ್ದರೆ ಶಾಂಪೂ ನೀರಿನಲ್ಲಿ ತೆಳುವಾಗಿ ಹರಿದುಹೋಗುತ್ತದೆ, ಜಿಡ್ಡಿನ ಬಳಿಗೆ ತಲುಪುವುದೇ ಇಲ್ಲ. ಒಣ ಕೂದಲಿಗೆ ಹಚ್ಚಿ ಐದು ನಿಮಿಷ ಬೆರಳಿನಿಂದ ನಯವಾಗಿ ನೀವಿ, ಅನಂತರ ಬೊಗಸೆ ಬೊಗಸೆಯಾಗಿ ಬೆಚ್ಚಗಿನ ನೀರು ಸೇರಿಸಿ ನೊರೆ ಬರಿಸಿ ತೊಳೆದರೆ ಅಂತರ ತಮಗೇ ಕಾಣುತ್ತದೆ. ಇನ್ನೊಮ್ಮೆ ಹೀಗೆಯೇ ಮಾಡಬಹುದು. ಆಮೇಲೂ ತುಸು ಜಿಡ್ಡು ಉಳಿದರೆ ಅಂದಿಗೆ ನಿಲ್ಲಿಸಿ ಮರುದಿನ ನೋಡಬೇಕು. ಉಳಿದ ವ್ಯಾಸಲೀನ್ ಮಗುವಿಗೆ ಏನೂ ಕೇಡು ಮಾಡದು, ಆದರೆ ಒಂದೇ ದಿನ ಐದು ಸಲ ತಿಕ್ಕಿದ ನೆತ್ತಿ ಹುಣ್ಣಾದೀತು.

ಸೀಗೇಪುಡಿ, ಅಂಟುವಾಳ, ಚಿಗರೆಪುಡಿಗಳನ್ನು ಬಳಸುವವರು ಅವನ್ನೇ ಬಳಸಬಹುದು. ಸೀಗೆಯಲ್ಲೂ ಅಂಟುವಾಳದಲ್ಲೂ ಸ್ವಭಾವತಃ ನೊರೆ ಕೊಡುವ ಸಪೋನಿನ್ ಎಂಬ ಅಂಶವಿದೆ. ನೀರು ಕಡಮೆ ಹಾಕಿ ಗಟ್ಟಿಯಾಗಿ ಕಲಸಿ ಹಚ್ಚಿದರೆ ಜಿಡ್ಡು ಚೆನ್ನಾಗಿ ಬಿಡುತ್ತದೆ. ಕಣ್ಣಿಗೆ ಹೋದರೆ ಮಾತ್ರ ಇವುಗಳ ಉರಿ ಶಾಂಪೂವಿನದಕ್ಕಿಂತ ಹೆಚ್ಚು. ಹಣೆಗೊಂದು ಬಟ್ಟೆಯನ್ನು ಮಡಚಿ ಕಟ್ಟಿ, ತಲೆಯನ್ನು ಹಿಂದಕ್ಕೆ ಬಾಗಿಸಿ ತೊಳೆಯಬೇಕು. ಕಣ್ಣಿಗೆ ಬಿದ್ದರೆ ಉಜ್ಜದೆ, ತಿಳಿನೀರನ್ನು ಹದಿನೈದು ನಿಮಿಷ ಹರಿಯಬಿಡಬೇಕು.

ಹರಳೆಣ್ಣೆಯ ಬಗೆಗೂ ಎರಡು ಮಾತು. ಯುಗಾದಿ, ದೀಪಾವಳಿಗಳ ಎಣ್ಣೆಸ್ನಾನಕ್ಕೆ ಮಕ್ಕಳ ನೆತ್ತಿಗೆ ಹರಳೆಣ್ಣೆ ಒತ್ತುವುದು ನಮ್ಮಲ್ಲಿ ಸಂತೋಷದ ಪದ್ಧತಿ. ಅದು ಬಹಳ ಮಂದವಾದ ಎಣ್ಣೆಯಾದುದರಿಂದ ಬರಿದಾಗಿ ಹಚ್ಚದೆ ಕೊಬ್ಬರಿ ಎಣ್ಣೆಯೊಡನೆ ಬೆರೆಸಿ, ನೆತ್ತಿಗೆ ಬೇಕಾದಷ್ಟನ್ನೇ ಹಚ್ಚುವುದು ವಿಹಿತ. ಉದ್ದ ಕೂದಲಿಗೆ ಪೂರ್ತಿಯಾಗಿ ಬಳಿದು ತಲೆ ಎರೆದಾಗ ಕೂದಲೆಲ್ಲ ಹಕ್ಕಿಯ ಗೂಡಿನಂತೆ ಗಂಟುಕಟ್ಟಿ, ಕತ್ತರಿಸಬೇಕಾಗಿ ಬಂದ ಪ್ರಸಂಗವನ್ನು ನಮ್ಮ ದೇಶದ ಚರ್ಮವೈದ್ಯರೇ 2017ರಲ್ಲಿ ದಾಖಲಿಸಿದ್ದಾರೆ. ಎಣ್ಣೆ ಹಚ್ಚಿದ ಮಗುವಿನ ಮೈ, ಬಚ್ಚಲಿನ ಕಲ್ಲು ಎರಡೂ ಜಾರುತ್ತವೆಂಬುದನ್ನು ಮರೆಯಬಾರದು. ಕಾಲ ಕೆಳಗೆ ಒರಟು ಗೋಣಿಯೋ ಚಾಪೆಯೋ ಇರಲಿ.

ಡಾಂಬರು, ಬಣ್ಣ, ಬಿಗಿಗೋಂದು

ರಸ್ತೆ ಕೆಲಸ ನಡೆಯುವ ಕಡೆ ಆಡಿದ ಮಕ್ಕಳಿಗೆ ಆರಿದ ಡಾಂಬರು ಮೆತ್ತುವುದುಂಟು. ಎಣ್ಣೆ, ಬೆಣ್ಣೆ ಅಥವಾ ವ್ಯಾಸಲೀನನ್ನೇ ಹಚ್ಚಿ ಅರ್ಧ ಗಂಟೆ ಬಿಟ್ಟು ಒರೆಸಿದರೆ ಅದು ಸಡಿಲವಾಗುತ್ತದೆ. ಎರಡು ಮೂರು ಸಲ ಮಾಡಬೇಕಾದೀತು. ಆದರೆ ಕಾದ ಡಾಂಬರು ಸಿಡಿದಿದ್ದರೆ ಮಾತೇ ಬೇರೆ. ಅದು ಸುಟ್ಟ ಗಾಯ. ಅದನ್ನು ಕೀಳಹೋಗದೆ, ತಣ್ಣೀರನ್ನು ಹರಿಸಿ ಆರಿಸಿ, ಹಾಗೆಯೇ ಆಸ್ಪತ್ರೆಗೆ ಕರೆದೊಯ್ಯಬೇಕು. ಕೀಳಲು ಯತ್ನಿಸಿದರೆ ಚರ್ಮವೂ ಜೊತೆಗೆ ಬರುತ್ತದೆ.

ಬಾಗಲಕೋಟೆಯಲ್ಲಿ ಬಣ್ಣದ ಬಂಡಿಗಳು ಹೊರಡುವ ಹೋಳಿಯ ಸಂಭ್ರಮ ನಾಡಿಗೇ ಹೆಸರಾದುದು. ಹೋಳಿಯ ದಿನ ಮಕ್ಕಳನ್ನು ಹೊರಗೆ ಕಳುಹುವ ಮುನ್ನ ತಲೆಗೆ ಕೊಬ್ಬರಿ ಎಣ್ಣೆ ಹಚ್ಚಿ, ಹೆಣ್ಣುಮಕ್ಕಳಿಗೆ ಬಿಗಿಯಾಗಿ ಜಡೆ ಹಾಕಿ ಕಳುಹಿದರೆ ಬಣ್ಣ ಕೂದಲಿಗೆ ಕಚ್ಚುವುದು ಕಡಮೆ. ಒಣ ಬಣ್ಣವನ್ನು ನೀರು ಹಾಕುವ ಮೊದಲೇ ತಲೆ ಬಗ್ಗಿಸಿ ಕೊಡವಿ ಬಾಚಬೇಕು. ಬೆಳ್ಳಿಬಣ್ಣವೆಂದು ಬಳಿಯುವ ಪೇಂಟು ತಗುಲಿದ್ದರೆ ಹಸಿಯಾಗಿರುವಾಗಲೇ ಎಣ್ಣೆಯಿಂದ ಒರೆಸಬೇಕು, ಥಿನ್ನರಿನಿಂದಲ್ಲ.

ಮುರಿದುದನ್ನು ಕ್ಷಣಮಾತ್ರದಲ್ಲಿ ಕೂಡಿಸುವ ಫೆವಿಕ್ವಿಕ್‌ನಂತಹ ಬಿಗಿಗೋಂದುಗಳು ಈಗ ಎಲ್ಲರ ಮನೆಯಲ್ಲೂ ಇವೆ. ಇವು ಹತ್ತಿಯನ್ನು ಸೋಕಿದರೆ ಚುರುಕಾಗಿ ಬಿಸಿಯೇರುತ್ತವೆ. ಆದುದರಿಂದ ಹತ್ತಿಯಿಂದಲೋ ಹತ್ತಿಬಟ್ಟೆಯಿಂದಲೋ ಒರೆಸಹೋದರೆ ಚರ್ಮ ಸುಟ್ಟೀತು. ಅಂಟಿದ ಕೂದಲನ್ನು ಎಳೆಯದೆ, ಬೆಚ್ಚಗಿನ ಸೋಪುನೀರಿನಲ್ಲಿ ನೆನೆಸಿ ಎಣ್ಣೆ ಸವರುತ್ತ ಬಂದರೆ ಚರ್ಮದ ಮೇಲಿನದು ಕೆಲವು ದಿನಗಳಲ್ಲಿ ತಾನಾಗಿ ಬಿಡುತ್ತದೆ. ಉಗುರುಬಣ್ಣ ತೆಗೆಯುವ ಅಸಿಟೋನನ್ನು ಮಗುವಿನ ಮುಖದ ಬಳಿ ತರಕೂಡದು. ರೆಪ್ಪೆಗಳು ಅಂಟಿಕೊಂಡಿದ್ದರೆ ಬಲವಂತವಾಗಿ ಬಿಡಿಸದೆ, ಬೆಚ್ಚಗಿನ ನೀರಿನಿಂದ ತೊಳೆದು ಕಣ್ಣಿನ ವೈದ್ಯರಲ್ಲಿಗೆ ಹೋಗಬೇಕು.

ಗಡಸು ನೀರಿನ ತೊಡಕು

ವಿಜಯಪುರ, ಕೋಲಾರ ಮೊದಲಾದ ಕಡೆಗಳಲ್ಲಿ ಕೊಳವೆಬಾವಿಯ ನೀರನ್ನೇ ನಂಬಿದ ಅನೇಕ ತಾಯಂದಿರ ದೂರು ಒಂದಿದೆ: ಎಷ್ಟು ಸೋಪು ಹಾಕಿದರೂ ಕೂದಲು ಅಂಟಂಟಾಗಿಯೇ ಇರುತ್ತದೆ. ಇದು ಮಗುವಿನ ತಪ್ಪಲ್ಲ, ಎಣ್ಣೆಯ ತಪ್ಪೂ ಅಲ್ಲ. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಸೋಪಿನೊಡನೆ ಕೂಡಿ ಬಿಳಿಯ ಕೆನೆಯಂತಹ ಕಲ್ಮಷವಾಗಿ ಕೂದಲಿಗೆ ಕೂರುತ್ತವೆ. ಅಂತಹ ಊರುಗಳಲ್ಲಿ ತಲೆಗೆ ಸೋಪಿನ ಬದಲು ಸೀಗೆ ಅಥವಾ ಶಾಂಪೂ ಬಳಸುವುದು ಮೇಲು. ಕುದಿಸಿ ಆರಿಸಿ ತಿಳಿಗೊಳಿಸಿದ ನೀರಿನಲ್ಲಿ ಗಡಸುತನ ಎಷ್ಟೋ ಇಳಿಯುತ್ತದೆ. ಮಳೆಯ ನೀರು ಸಂಗ್ರಹಿಸಿದ್ದರೆ ಇನ್ನೂ ಒಳಿತು. ಕಡೆಯ ಚೊಂಬಿನ ನೀರಿಗೆ ಅರ್ಧ ಹೋಳು ನಿಂಬೆರಸ ಹಿಂಡಿ, ಕಣ್ಣಿಗೆ ಬೀಳದಂತೆ ಹೊಯ್ದು, ಮತ್ತೆ ಬರಿಯ ನೀರಿನಲ್ಲಿ ತೊಳೆದರೆ ಆ ಕಲ್ಮಷ ಬಿಡುತ್ತದೆ. ನಿಂಬೆರಸ ಚರ್ಮದ ಮೇಲೆ ಉಳಿದು ಬಿಸಿಲು ತಗುಲಿದರೆ ಬೊಕ್ಕೆ ಏಳುವುದುಂಟು, ಆದುದರಿಂದ ಕಡೆಯ ತೊಳೆತವನ್ನು ಬಿಡಬಾರದು.

ಸೀಮೆ ಎಣ್ಣೆ ಬೇಡವೇ ಬೇಡ

ಈಗ ಮುಖ್ಯ ವಿಷಯಕ್ಕೆ ಬರುತ್ತೇವೆ. ಗ್ರೀಸು, ಡಾಂಬರುಗಳಿಗೆ ಸೀಮೆ ಎಣ್ಣೆಯೇ ಮದ್ದು ಎಂಬ ನಂಬಿಕೆ ನಮ್ಮಲ್ಲಿ ಆಳವಾಗಿ ಬೇರೂರಿದೆ. ಹೇನಿಗೂ ಅದನ್ನೇ ಹಚ್ಚುತ್ತಿದ್ದರು. ಸೀಮೆ ಎಣ್ಣೆಗೆ ಜಿಡ್ಡು ಕರಗುವುದು ನಿಜ. ಆದರೆ ಕೊಬ್ಬರಿ ಎಣ್ಣೆ ಅರ್ಧ ಗಂಟೆಯಲ್ಲಿ ಮಾಡುವ ಕೆಲಸವನ್ನು ಐದು ನಿಮಿಷದಲ್ಲಿ ಮುಗಿಸುವ ಆತುರಕ್ಕೆ ನಾವು ತೆರಬಹುದಾದ ಬೆಲೆ ಬಹಳ ದೊಡ್ಡದು.

ತಲೆಯಿಂದ ಇಳಿದ ಸೀಮೆ ಎಣ್ಣೆ ಅಳುತ್ತಿರುವ ಮಗುವಿನ ಬಾಯಿಗೆ ಹೋಗುವುದು ಸುಲಭ. ಪಕ್ಕದಲ್ಲಿಟ್ಟ ಲೋಟವನ್ನು ನೀರೆಂದು ತಿಳಿದು ಎತ್ತಿ ಕುಡಿಯುವುದಂತೂ ಎಲ್ಲೆಡೆ ಕೇಳಿಬರುವ ಸಂಗತಿ. ಹೊಟ್ಟೆಗೆ ಹೋದ ಸೀಮೆ ಎಣ್ಣೆಗಿಂತಲೂ ಕೆಮ್ಮಿದಾಗ, ವಾಂತಿಯಾದಾಗ ಶ್ವಾಸನಾಳಕ್ಕೆ ಇಳಿಯುವ ಕೆಲವೇ ಹನಿಗಳು ಘೋರವಾದವು. ತೆಳುವಾದ ಆ ದ್ರವವು ಶ್ವಾಸಕೋಶದಲ್ಲಿ ಬೇಗ ಹರಡಿ ಅಲ್ಲಿ ಉರಿಯೂತವನ್ನು ಎಬ್ಬಿಸುತ್ತದೆ. ಆಗ ಮಗುವಿಗೆ ಉಸಿರಾಡುವುದೇ ಕಷ್ಟವಾಗುತ್ತದೆ.

ಎರಡನೆಯದು ಬೆಂಕಿ. ನಮ್ಮ ಹಳ್ಳಿಯ ಮನೆಗಳ ಬಚ್ಚಲಿನಲ್ಲಿ ನೀರು ಕಾಯಿಸುವ ಹಂಡೆಯ ಒಲೆ ಅಲ್ಲಿಯೇ ಉರಿಯುತ್ತಿರುತ್ತದೆ. ಪಟ್ಟಣದಲ್ಲಾದರೆ ಗ್ಯಾಸ್ ಗೀಸರ್. ಸೀಮೆ ಎಣ್ಣೆಯಲ್ಲಿ ನೆನೆದ ತಲೆಯ ಮಗುವನ್ನು ತೊಳೆಯಲೆಂದು ನಾವು ಕರೆದೊಯ್ಯುವುದು ಅಲ್ಲಿಗೇ! ಪೆಟ್ರೋಲಿನ ಆವಿಯು ಗಾಳಿಗಿಂತ ಭಾರವಾದುದರಿಂದ ನೆಲದ ಮೇಲೆ ಹರಿದು ದೂರದ ಒಲೆಯನ್ನೂ ಮುಟ್ಟಬಲ್ಲುದು. ಮೂರನೆಯದಾಗಿ, ಇವು ಎಳೆಯ ಚರ್ಮವನ್ನು ಸುಟ್ಟು ಬೊಕ್ಕೆ ಏಳಿಸುತ್ತವೆ.

2016ರಲ್ಲಿ ಉಜ್ವಲ ಯೋಜನೆ ಆರಂಭವಾಗಿ ಅಡುಗೆ ಅನಿಲ ಹಳ್ಳಿಗಳಿಗೂ ಹಬ್ಬಿದ ಮೇಲೆ ಸೀಮೆ ಎಣ್ಣೆಯ ಡಬ್ಬಿ ಅನೇಕ ಅಡುಗೆಮನೆಗಳಿಂದ ಮರೆಯಾಗಿದೆ. ಇದರಿಂದ ಅಪಾಯ ತಪ್ಪಿತೆಂದು ತಿಳಿಯಬಾರದು. ಅದರ ಜಾಗಕ್ಕೆ ಪೇಂಟಿನ ಥಿನ್ನರ್, ಟರ್ಪೆಂಟೈನ್, ಬೈಕಿನಿಂದ ತೆಗೆದ ಪೆಟ್ರೋಲ್ ಬಂದಿವೆ. ಇವೆಲ್ಲ ಅದೇ ಬಳಗದವು. ಅದರಲ್ಲೂ ತಂಪುಪಾನೀಯದ ಬಾಟಲಿಯಲ್ಲಿ ತುಂಬಿಟ್ಟರೆ ಮಗುವನ್ನು ಕೈಬೀಸಿ ಕರೆದಂತೆಯೇ ಸರಿ.

ಒಂದು ವೇಳೆ ಮಗು ಇಂತಹುದನ್ನು ಕುಡಿದುಬಿಟ್ಟರೆ ವಾಂತಿ ಮಾಡಿಸಕೂಡದು. ಉಪ್ಪುನೀರು, ಹುಣಿಸೆನೀರು ಯಾವುದನ್ನೂ ಕುಡಿಸಕೂಡದು, ಗಂಟಲಿಗೆ ಬೆರಳು ಹಾಕಕೂಡದು. ವಾಂತಿಯಾದರೆ ಅದು ಮತ್ತೊಮ್ಮೆ ಶ್ವಾಸಕೋಶದ ದಾರಿ ಹಿಡಿಯುತ್ತದೆ. ನೆನೆದ ಬಟ್ಟೆ ತೆಗೆದು, ಮೈಯನ್ನು ಸೋಪುನೀರಿನಿಂದ ತೊಳೆದು, ಮಗು ಗೆಲುವಾಗಿ ಕಂಡರೂ ತಡಮಾಡದೆ ಆಸ್ಪತ್ರೆಗೆ ಒಯ್ಯಬೇಕು. ಕೆಮ್ಮು, ಏದುಸಿರು, ತೂಕಡಿಕೆ ಕಂಡರೆ ಮೈ ತೊಳೆಯಲೂ ನಿಲ್ಲದೆ 108ಕ್ಕೆ ಕರೆ ಮಾಡಬೇಕು. ಕುಡಿದ ವಸ್ತುವಿನ ಬಾಟಲಿಯನ್ನು ವೈದ್ಯರಿಗೆ ತೋರಿಸಲು ಜೊತೆಗೆ ಕೊಂಡೊಯ್ಯಬೇಕು.

ಮನೆಯಲ್ಲಿ ಹಿರಿಯರೇ ಸೀಮೆ ಎಣ್ಣೆ ತರಹೇಳಿದರೆ ಸೊಸೆಯಾದವಳು ಏನು ಮಾಡಬೇಕು ಎಂಬ ಸಂಕೋಚ ಸಹಜ. ಹಿರಿಯರ ಮಾತನ್ನು ಮುರಿಯುವುದು ಬೇಡ. "ಅತ್ತೀ, ಮೊದಲು ಕೊಬ್ಬರಿ ಎಣ್ಣೆ ಹಚ್ಚಿ ನೋಡೋಣ್ರಿ, ಬಿಡದಿದ್ದರೆ ಆಮೇಲೆ ನೋಡಿದರಾಯಿತು" ಎಂದು ಹೇಳಿ ಎಣ್ಣೆಯ ಬಟ್ಟಲನ್ನು ಅವರ ಕೈಗೇ ಕೊಡಬಹುದು. ಮೊಮ್ಮಗುವಿನ ತಲೆಗೆ ಎಣ್ಣೆ ಹಚ್ಚಲು ಒಲ್ಲೆನೆನ್ನುವ ಅಜ್ಜಿಯನ್ನು ನಾವು ಕಂಡಿಲ್ಲ. ಅರ್ಧ ಗಂಟೆಯಲ್ಲಿ ಅಂಟು ಬಿಟ್ಟಿತೆಂದರೆ ಸೀಮೆ ಎಣ್ಣೆಯ ಮಾತು ಮತ್ತೆ ಏಳುವುದಿಲ್ಲ.

ಕತ್ತರಿ ಎತ್ತುವ ಮುನ್ನ

ಕೂದಲು ತಿಂಗಳಿಗೆ ಹೆಚ್ಚುಕಡಮೆ ಒಂದು ಸೆಂಟಿಮೀಟರಿನಷ್ಟು ಬೆಳೆಯುತ್ತದೆ. ಒಂದಡಿ ಉದ್ದದ ಜಡೆಯನ್ನು ಸಿಟ್ಟಿನಲ್ಲಿ ಒಂದು ನಿಮಿಷದಲ್ಲಿ ಕತ್ತರಿಸಬಹುದು, ಅದು ಮತ್ತೆ ಬರಲು ಎರಡು ವರ್ಷಕ್ಕೂ ಮಿಗಿಲು ಬೇಕು. ಅಷ್ಟು ದಿನವೂ ಮಗು ಆ ಸಿಟ್ಟನ್ನು ತಲೆಯ ಮೇಲೆ ಹೊತ್ತು ಶಾಲೆಗೆ ಹೋಗುತ್ತದೆ. ಹೆಣ್ಣುಮಗುವಿಗೆ ಜಡೆ ಎಂದರೆ ಅವಳ ಪುಟ್ಟ ಜಗತ್ತಿನ ದೊಡ್ಡ ಆಸ್ತಿ. ಶಿಕ್ಷೆಯೆಂದು ಅದನ್ನು ಕತ್ತರಿಸುವುದೂ, ನೆರೆಹೊರೆಯವರೆದುರು ಹಂಗಿಸುವುದೂ ತಪ್ಪಿಗೆ ತಕ್ಕ ದಂಡವಲ್ಲ. ಹೀಗೆ ನೊಂದ ಮಗು ಮುಂದಿನ ಸಲ ಅಂಟು ತಗುಲಿದಾಗ ತಾಯಿಗೆ ಹೇಳದೆ ಬಚ್ಚಿಡುತ್ತದೆ, ಇಲ್ಲವೇ ತಾನೇ ಕತ್ತರಿಯನ್ನೋ ಥಿನ್ನರನ್ನೋ ಹುಡುಕುತ್ತದೆ. ಅದಕ್ಕಿಂತ ದೊಡ್ಡ ನಷ್ಟವಿಲ್ಲ.

ಕೆಲವೊಮ್ಮೆ ಕತ್ತರಿಸದೆ ಗತ್ಯಂತರವಿರುವುದಿಲ್ಲ. ಆಗ ಮಗುವಿಗೆ ಮೊದಲೇ ಹೇಳಿ, ಕನ್ನಡಿ ಹಿಡಿಸಿ, ಎಷ್ಟು ಹೋಗುತ್ತದೆಂದು ತೋರಿಸಬೇಕು. ನೆತ್ತಿಗೂ ಅಂಟಿಗೂ ನಡುವೆ ಹಣಿಗೆಯನ್ನು ತೂರಿಸಿಕೊಂಡರೆ ಚರ್ಮಕ್ಕೆ ಕತ್ತರಿ ತಾಗದು. ಕೂದಲನ್ನು ಅಡ್ಡಲಾಗಿ ಕತ್ತರಿಸದೆ, ಅಂಟಿನ ಗಂಟನ್ನು ಕೂದಲಿನ ಉದ್ದಕ್ಕೆ ಎರಡು ಮೂರು ಕಡೆ ಸೀಳಿ ಬಿಡಿಸಿದರೆ ಹೋಗುವ ಕೂದಲು ಅತ್ಯಲ್ಪ. ಉಳಿದ ಕೂದಲು ಅದನ್ನು ಮರೆಮಾಡುತ್ತದೆ.

ತಾಯಂದಿರಲ್ಲಿ ನಮ್ಮದೊಂದು ಕೋರಿಕೆ. ಒಂದು ಸೀಸೆ ಕೊಬ್ಬರಿ ಎಣ್ಣೆ, ಅಗಲ ಹಲ್ಲಿನ ಹಣಿಗೆ, ಎರಡು ಹಳೆಯ ಬಟ್ಟೆಯ ತುಂಡು, ಒಂದು ರಿಬ್ಬನ್ ಇವಿಷ್ಟನ್ನು ಕೈಗೆಟುಕುವ ಕಡೆ ಇಡಿ. ಥಿನ್ನರ್, ಪೆಟ್ರೋಲುಗಳನ್ನು ಅವುಗಳ ಸ್ವಂತ ಡಬ್ಬಿಯಲ್ಲೇ, ಬೀಗ ಹಾಕುವ ಕಪಾಟಿನ ಮೇಲಿನ ಅಂತಸ್ತಿನಲ್ಲಿ ಇಡಿಸಿ. ಈ ಹೊಣೆಯನ್ನು ಮನೆಯ ಗಂಡಸರಿಗೂ ವಹಿಸಿ, ಏಕೆಂದರೆ ಆ ಬಾಟಲಿಗಳನ್ನು ಮನೆಗೆ ತರುವವರು ಬಹುಮಟ್ಟಿಗೆ ಅವರೇ. ಮಗು ಅಂಟಿದ ತಲೆಯೊಡನೆ ಬಾಗಿಲಲ್ಲಿ ಹೆದರಿ ನಿಂತಾಗ "ಬಾ, ಕೂತ್ಕೋ, ಬಿಡಿಸೋಣ" ಎಂಬ ಮಾತು ನಿಮ್ಮ ಬಾಯಿಂದ ಮೊದಲು ಬರಲಿ. ಎಣ್ಣೆಯ ಕೆಲಸ ಅನಂತರದ್ದು.